ತೋರಣದ ಮೊಳೆ

ತಂತಿಯ ತುದಿ ಸುಲಿದು ಒಳಗಿನ ಎಂಟು ಎಳೆ ಬಿಡಿಸುವಾಗ ಚನಬಸಣ್ಣನ ತುಟಿ ಅಲುಗುತ್ತಲೇ ಇರುತ್ತಿತ್ತು. ಜಪವೇನೋ ಅಂದುಕೊಂಡಿದ್ದೆ. ಹತ್ತಿರ ಹೋಗಿ ಕೇಳಿದರೆ ಬಣ್ಣಗಳ ಸಾಲು. "ಕೇಸರಿ-ಬಿಳಿ, ಕೇಸರಿ, ಹಸರ-ಬಿಳಿ, ನೀಲಿ..." ಇಷ್ಟು ವರ್ಷ ಇದೇ ಕೆಲಸ ಮಾಡಿದವನಿಗೆ ಇನ್ನೂ ಬಾಯಿಪಾಠ ಆಗಲಿಲ್ಲವಾ ಎಂದು ಛೇಡಿಸಿದ್ದೆ.

"ಆಗೈತ್ರಿ ಅಕ್ಕಾರ. ಹೇಳ್ಕೋತ ಮಾಡಿದ್ರ ಕೈಗೆ ಸೊಕ್ಕು ಬರಂಗಿಲ್ಲ. ಎಂಟು ಮಂದಿ ಅಣ್ತಮ್ಮರು ಇವ್ರು. ಒಬ್ಬಾಂವ ಮುನಿಸ್ಕೊಂಡ್ರೂ ಮನಿ ನಡೀತೈತಿ, ಆದ್ರ ಓಡಂಗಿಲ್ಲ."

ಶಿರಸಿ ಪೇಟೆಯಲ್ಲಿ ನನ್ನದು ಮದುವೆ ಆಲ್ಬಂ ಮಾಡುವ ಅಂಗಡಿ. ಎದುರಿಗೊಂದು ಕಂಪ್ಯೂಟರ್, ಒಳಕೋಣೆಯಲ್ಲೊಂದು. ನಡುಬಾಗಿಲಿನ ಮೇಲೆ ಪ್ಲಾಸ್ಟಿಕ್ ಪಟ್ಟಿಯೊಳಗೆ ತಂತಿ ಹಾಯಿಸಿ ಎರಡನ್ನೂ ಜೋಡಿಸಿಕೊಟ್ಟವನು ಬನವಾಸಿ ಕಡೆಯ ಈ ಚನಬಸಣ್ಣ. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವ. ನಾನು ಅವನಿಗೆ 'ನೀನು', ಅವನು ನನಗೆ 'ರೀ'. ಒಂದು ಮದುವೆಯ ಅಷ್ಟೂ ಫೋಟೊ ಒಂದು ಚಾ ಕುಡಿಯುವುದರೊಳಗೆ ಒಳಗಿನ ಕಂಪ್ಯೂಟರಿಗೆ ಹೋಗಿ ಕೂರುತ್ತಿದ್ದವು.

ಆ ವರ್ಷ ದಸರೆ ಕಳೆದದ್ದೇ ಅದೇ ಕೆಲಸಕ್ಕೆ ಮಧ್ಯಾಹ್ನವಿಡೀ ಹಿಡಿಯತೊಡಗಿತು. ಮದುವೆ ಹಂಗಾಮು ಬೇರೆ. ಚನಬಸಣ್ಣ ಯಲ್ಲಾಪುರದ ಕೆಲಸ ಬಿಟ್ಟು ಬಸ್ಸು ಹತ್ತಿ ಬಂದ. ತುದಿಗಳನ್ನು ಕತ್ತರಿಸಿ ಹೊಸದಾಗಿ ಕೂರಿಸಿದ. ತುಟಿಯ ಮೇಲೆ ಅದೇ ಬಣ್ಣಗಳ ಹಾಡು. ವೇಗ ಬರಲಿಲ್ಲ. ಆಮೇಲೆ ಒಳಗಿನ ಕಂಪ್ಯೂಟರನ್ನು ಎದುರಿನದರ ಪಕ್ಕಕ್ಕೇ ತಂದಿಟ್ಟು, ತನ್ನ ಚೀಲದಲ್ಲಿದ್ದ ಗಿಡ್ಡ ತಂತಿಯಿಂದ ಜೋಡಿಸಿದ. ಫೋಟೊಗಳು ಸರ್ರನೆ ಹೋದವು.

"ಎರಡೂ ಯಂತ್ರ ಛಲೋ ಅದಾವು. ತಂತ್ಯಾಗ ಐತಿ ದೋಷ," ಅಂದ.

"ಹಂಗಾರೆ ನೀನು ಹಾಕಿದ್ದೇ ಸರಿ ಇಲ್ಲ ಅಂತಾಯ್ತಲ್ಲ. ಎಂತ ಕಳಪೆ ಮಾಲು ಹಾಕಿದ್ದೆ ಮಾರಾಯಾ?"

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಅವರೆದುರು ದನಿ ಏರಿಸಿದೆ, ಬೇಕೆಂದೇ ಏರಿಸಿದೆ. ಅವನು ಮೆಲ್ಲಗೆ ಕೇಳಿದ, "ಅಕ್ಕಾರ, ಎಲ್ಲೆರ ಮೊಳಿ ಹೊಡದೀರೇನ್ರಿ?"

"ನನಗೇನು ತಲೆ ಕೆಟ್ಟಿದೆಯಾ, ತಂತಿಗೆ ಮೊಳೆ ಹೊಡೆಯಲಿಕ್ಕೆ?"

ಅವನು ನಡುಬಾಗಿಲಿನತ್ತ ಒಮ್ಮೆ ತಲೆಯೆತ್ತಿ ನೋಡಿ, ತಗ್ಗಿಸಿದ. ತಪ್ಪಿತಸ್ಥನ ಲಕ್ಷಣ ಅಂದುಕೊಂಡೆ. ಇನ್ನು ಈ ಕಡೆ ಬರುವುದು ಬೇಡ ಅಂದೆ. ಚೀಲ ಹೆಗಲಿಗೇರಿಸಿ ಹೋದ. ಅಷ್ಟಕ್ಕೆ ಸುಮ್ಮನಿದ್ದೆನೇ? ಹೊಸ ಕಟ್ಟಡಕ್ಕೆ ಅವನನ್ನು ಕರೆಸಬಹುದಾ ಎಂದು ಒಂದು ಸೊಸೈಟಿಯ ಮ್ಯಾನೇಜರು ಕೇಳಿದಾಗ, "ಬೇಡ ಮಾರಾಯ್ರೇ, ಮೋಸ," ಅಂದುಬಿಟ್ಟೆ.

ಫೋಟೊಗಳನ್ನು ಪೆನ್‌ಡ್ರೈವಿನಲ್ಲಿ ಸಾಗಿಸುತ್ತ ವರ್ಷ ಕಳೆದೆ. ಮರುವರ್ಷ ಆಯುಧಪೂಜೆಗೆ ಕಂಪ್ಯೂಟರುಗಳಿಗೆ ಹೂವೇರಿಸುವ ಮೊದಲು, ನಡುಬಾಗಿಲಿನ ಒಣಗಿದ ಮಾವಿನ ತೋರಣ ಬಿಚ್ಚಲು ಸ್ಟೂಲು ಹತ್ತಿದೆ. ಎಲೆಗಳ ಹಿಂದೆ ಮೊಳೆ. ಪಟ್ಟಿಯನ್ನು ತೂರಿಕೊಂಡು ಒಳಗೆ ಹೋಗಿತ್ತು. ಹಿಂದಿನ ಪೂಜೆಯ ಬೆಳಿಗ್ಗೆ ಗಡಿಬಿಡಿಯಲ್ಲಿ ಹೊಡೆದವಳು ನಾನೇ. ಪಟ್ಟಿ ಬಿಚ್ಚಿದೆ. ಕಂದು ಎಳೆಯೊಂದು ತುಂಡಾಗಿತ್ತು. ಅವನ ಹಾಡಿನ ಎಂಟನೆಯ ತಮ್ಮ. ಸ್ಟೂಲಿನ ಮೇಲೇ ಕುಳಿತುಬಿಟ್ಟೆ.

ಹಬ್ಬದ ಮರುದಿನ ಅವನ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ. ತಂತಿ ಕೆಲಸ ಬಿಟ್ಟಿದ್ದನಂತೆ. ನಿಂತೇ ಎಲ್ಲ ಹೇಳಿದೆ, ತಪ್ಪಾಯ್ತು ಅಂದೆ.

"ಮೊಳಿ ಅವತ್ತ ಕಂಡಿತ್ರಿ," ಅಂದ.

"ಮತ್ತೆ ಹೇಳಲಿಲ್ಲ ಯಾಕೆ?"

"ನಾಲ್ಕ್ ಮಂದಿ ನಿಂತಿದ್ರು. ನೀವು ಇಲ್ಲ ಅಂದ ಮ್ಯಾಲ ಅವ್ರ ಮುಂದ ನಿಮ್ಮನ್ನ ಸುಳ್ಳಿ ಮಾಡ್ಲೇನು? ಮಂದಿ ಹೋದ ಮ್ಯಾಲ ತೆಗದು ಬ್ಯಾರೆ ಎಳದ್ರಾತು ಅಂತಿದ್ದೆ. ಅಷ್ಟರಾಗ ನೀವು ಬರಬ್ಯಾಡ ಅಂದ್ರಿ."

ಹೆಂಡತಿ ತಂದ ಚಾ ಕುಡಿಯುವಂತೆ ಅವನೇ ಒತ್ತಾಯ ಮಾಡಿದ. ಮತ್ತೆ ಕೆಲಸಕ್ಕೆ ಬಾ ಅಂದೆ. ಕಣ್ಣಿಗೆ ಈಗ ಕಂದು-ಕೇಸರಿ ಒಂದೇ ಕಾಣ್ತಾವ್ರಿ ಅಂದು ನಕ್ಕ. ಮುಂದಿನ ಮಳೆಗಾಲದಲ್ಲಿ ಚನಬಸಣ್ಣ ತೀರಿಕೊಂಡ.

ಸೊಸೈಟಿಗೆ ಹೋಗಿ ನಿಜ ಹೇಳಿ ಬಂದಿದ್ದೇನೆ. ಆದರೆ ಅವತ್ತು ಅಂಗಡಿಯಲ್ಲಿ ನಿಂತಿದ್ದ ಆ ನಾಲ್ವರು ಯಾರೆಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಅವರ ಪಾಲಿಗೆ ಚನಬಸಣ್ಣ ಈಗಲೂ ಕಳಪೆ ತಂತಿ ಹಾಕಿದವನೇ.