ಎಲ್ಲರೂ ಗುರುತಿಸುವ ಮುಖ

ಕುವೈತಿನ ರಾಯ್ ಎಂಬ ಪ್ರದೇಶದ ಗ್ಯಾರೇಜೊಂದರಲ್ಲಿ ಕಾರಿನ ಎ.ಸಿ. ರಿಪೇರಿ ನನ್ನ ಕೆಲಸ. ಪಕ್ಕದ ಶೆಡ್ಡಿನಲ್ಲಿ ಡೆಂಟಿಂಗ್ ಮಾಡುತ್ತಿದ್ದವನು ಒಬ್ಬ ಸುಡಾನಿ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳು. ಎಡ ಮೊಣಕಾಲು ಮಾತ್ರ ಪೂರ್ತಿ ಮಡಚುತ್ತಿರಲಿಲ್ಲ.

ಅವನು ಒಂದು ಕಾಲಕ್ಕೆ ದೊಡ್ಡ ಫುಟ್‌ಬಾಲ್ ಆಟಗಾರನಾಗಿದ್ದ ಎಂದು ಗೊತ್ತಾದದ್ದು ಒಬ್ಬ ಗಿರಾಕಿಯಿಂದ. ಜಜ್ಜಿದ ಕಾರು ಬಿಡಲು ಬಂದಿದ್ದ ಸುಡಾನಿ ಡಾಕ್ಟರು ಇವನನ್ನು ಕಂಡದ್ದೇ ತಡ, ಗ್ರೀಸು ಮೆತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಿಡಲೊಲ್ಲರು. ಆಮೇಲೆ ಕೇಳಿದಾಗ ಅವನೇ ಹೇಳಿದ. ಅವನ ಊರಿನಲ್ಲಿ ಆಡುವುದಕ್ಕೆಂದೇ ಸಂಬಳ ಪಡೆದ ಮೊದಲಿಗರಲ್ಲಿ ಅವನೊಬ್ಬ. ರೈಲ್ವೆಯಲ್ಲಿದ್ದ ಅವನಪ್ಪ ಇದನ್ನು ನಂಬದೆ, "ಆಟ ಆಡೋದಕ್ಕೆ ಯಾರಾದರೂ ಸಂಬಳ ಕೊಡ್ತಾರೇನು?" ಎಂದು ಕ್ಲಬ್ಬಿಗೇ ಹೋಗಿ ವಿಚಾರಿಸಿಕೊಂಡು ಬಂದಿದ್ದರಂತೆ. ಮೊಣಕಾಲು ಮುರಿದ ಮೇಲೆ ಆಟ ಖಲಾಸ್. ಹೆಂಡತಿ, ಮಗಳನ್ನು ಊರಲ್ಲಿ ಬಿಟ್ಟು ಇಲ್ಲಿಗೆ ಬಂದ.

ಶುಕ್ರವಾರ ಬಿಸಿಲೇರುವ ಮುಂಚೆ ಸುಲೈಬಿಯಾದ ಲೇಬರ್ ಕ್ಯಾಂಪಿನ ಹಿಂದಿನ ಬಯಲಿನಲ್ಲಿ ಹುಡುಗರು ಆಡುತ್ತಿದ್ದರು. ಅವನು ಸೀಟಿ ಹಿಡಿದು ರೆಫರಿಯಾಗುತ್ತಿದ್ದ. ನಾನು ನೋಡಲು ಹೋಗುತ್ತಿದ್ದೆ.

ಅವನ ದೇಶದಲ್ಲಿ ಯುದ್ಧ ಶುರುವಾದ ಮೇಲೆ ಸೀಟಿ ಊದುವುದನ್ನು ಬಿಟ್ಟ. ಊಟದ ಹೊತ್ತಿನಲ್ಲಿ ಹೆಂಡತಿಗೆ ಫೋನ್ ಹಚ್ಚಿ ಕೂರುತ್ತಿದ್ದ. ಒಂದು ದಿನ ಆಕೆಯ ಮಾತಿನ ನಡುವೆ ದಪ್ಪನೆ ಏನೋ ಬಿದ್ದ ಸದ್ದು ನನಗೂ ಕೇಳಿಸಿತು. "ಏನೂ ಇಲ್ಲ, ಬಾಗಿಲು," ಅಂದಳಂತೆ. ಅವನು ಫೋನಿಟ್ಟು ನನ್ನ ಕಡೆ ನೋಡಿದ. "ಭಾಯಿ, ನಮ್ಮ ಮನೆಗೆ ಅಂಥ ಬಾಗಿಲಿಲ್ಲ."

ಸ್ವಲ್ಪ ದಿನಕ್ಕೆ ಯಾರೋ ಒಂದು ಫೋಟೋ ಕಳಿಸಿದರು. ಅವನು ಆಡಿದ ಮೈದಾನದಲ್ಲಿ ಬಂದೂಕು ಕಟ್ಟಿದ ಪಿಕಪ್ ಗಾಡಿಗಳು ಸಾಲಾಗಿ ನಿಂತಿದ್ದವು. ಅವನು ಅದನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದ. ಆ ಸಂಜೆಯೇ ಕಫೀಲ್, ಅಂದರೆ ನಮ್ಮ ವೀಸಾ ಕೊಡಿಸಿದ ಮಾಲೀಕನ ಹತ್ತಿರ ರಜೆ ಕೇಳಿದ. ಎರಡು ದಿನದ ರಜೆಗೂ ಕೂಗಾಡುವ ಆ ಮನುಷ್ಯ ಮರುಮಾತಾಡದೆ ಒಪ್ಪಿ, ಅವನ ಬೆನ್ನು ತಟ್ಟಿದ.

ಹೊರಡುವ ಮುಂಚಿನ ಶುಕ್ರವಾರ ಅವನನ್ನು ಮಹಬೂಲಾದ ನಮ್ಮ ಮನೆಗೆ ಊಟಕ್ಕೆ ಕರೆದೆ. ಜೋಳದ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಮೂಸಿದ. "ಭಾಭಿ, ನಮ್ಮಲ್ಲೂ ಇದೇ ಹಿಟ್ಟು. ಹುಳಿ ಬರಿಸಿ ತೆಳ್ಳಗೆ ಹುಯ್ತಾರೆ," ಎಂದು ನಕ್ಕ. ನನ್ನ ಹೆಂಡತಿಗೆ ನಗು ಬರಲಿಲ್ಲ. ಒಳಗೆ ಕರೆದು ಪಿಸುಗುಟ್ಟಿದಳು: "ಹೋಗಬ್ಯಾಡಂತ ನೀವರ ಹೇಳ್ರೀ. ನನಗ್ಯಾಕೋ ಚಲೋ ಅನಸವಲ್ದು."

ಹೇಳಿದೆ. "ಬೇರೆ ಯಾರಾದರೂ ಅವರನ್ನ ಕರ್ಕೊಂಡು ಬರೋ ಹಾಗಿಲ್ವಾ?"

"ಬೇರೆ ಯಾರಿದ್ದಾರೆ?" ಅಂದ. "ನನ್ನ ಮುಖ ಎಲ್ಲರಿಗೂ ಗೊತ್ತು, ಭಾಯಿ. ಬಂದೂಕು ಹಿಡಿದ ಹುಡುಗರೂ ನನ್ನ ಆಟ ನೋಡಿ ಬೆಳೆದವರೇ. ನನ್ನನ್ನ ತಡೆಯಲ್ಲ."

ಜಿದ್ದಾಕ್ಕೆ ವಿಮಾನ, ಅಲ್ಲಿಂದ ಹಡಗು, ಆಮೇಲೆ ಬಸ್ಸು. ದಾರಿಯಿಂದ ಮೆಸೇಜುಗಳು ಬರುತ್ತಿದ್ದವು. ಒಂದು ಚೆಕ್‌ಪೋಸ್ಟಿನಲ್ಲಿ ಗುರುತು ಹಿಡಿದು ಚಹಾ ಕೊಟ್ಟರು. ಇನ್ನೊಂದರಲ್ಲಿ ಒಬ್ಬ ಸೈನಿಕ ಜೊತೆಗೆ ನಿಂತು ಫೋಟೋ ತೆಗೆಸಿಕೊಂಡ. "ನಾನು ಹೇಳಿರಲಿಲ್ವಾ?" ಎಂದು ಬರೆದಿದ್ದ. ಮನೆ ಮುಟ್ಟಿದೆ ಎಂಬುದು ಕೊನೆಯ ಮೆಸೇಜು. ಆಮೇಲೆ ನಾನು ಕಳಿಸಿದ್ದು ಯಾವುದೂ ಅವನಿಗೆ ತಲುಪಲಿಲ್ಲ.

ವಾರಗಳು ಕಳೆದವು. ಅವನ ಸುತ್ತಿಗೆಗಳು ಗೋಡೆಯ ಮೇಲೆ ಹಾಗೇ ಇದ್ದವು. ಯಾರೂ ಮುಟ್ಟುತ್ತಿರಲಿಲ್ಲ, ಅವನ ಸುದ್ದಿಯನ್ನೂ ಯಾರೂ ಎತ್ತುತ್ತಿರಲಿಲ್ಲ. ಸುಲೈಬಿಯಾದ ತರಕಾರಿ ಗೋದಾಮಿನಲ್ಲಿದ್ದ ಅವನ ಚಿಕ್ಕಪ್ಪನ ಮಗ ಒಂದು ಮಧ್ಯಾಹ್ನ ಗ್ಯಾರೇಜಿನ ಗೇಟಿನಲ್ಲಿ ನಿಂತ. ಅವನು ಒಳಗೆ ಬರದೆ ಅಲ್ಲೇ ನಿಂತಿದ್ದು ನೋಡಿಯೇ ನಾನು ಸ್ಪಾನರ್ ಕೆಳಗಿಟ್ಟೆ.

ಹೆಂಡತಿ, ಮಗಳನ್ನು ಕರೆದುಕೊಂಡು ನನ್ನ ಗೆಳೆಯ ಬಸ್ಸಿನಲ್ಲಿ ಊರು ಬಿಟ್ಟಿದ್ದನಂತೆ. ಊರಾಚೆಯ ಚೆಕ್‌ಪೋಸ್ಟಿನಲ್ಲಿ ಹುಡುಗನೊಬ್ಬ ಗುರುತು ಹಿಡಿದು ಖುಷಿಯಿಂದ ಕೂಗಿದನಂತೆ. "ನಮ್ಮ ಕಮಾಂಡರ್ ನಿಮ್ಮ ದೊಡ್ಡ ಅಭಿಮಾನಿ. ನೋಡದೆ ಕಳಿಸಿದರೆ ನನ್ನ ಬಿಡೋದಿಲ್ಲ. ಹೆಂಗಸರು ಮುಂದೆ ಹೋಗಲಿ, ನೀವು ಇರಿ." ಬಸ್ಸಿನಲ್ಲಿದ್ದ ಉಳಿದವರನ್ನು ಯಾರೂ ಏನೂ ಕೇಳಲಿಲ್ಲ. ಇವನೊಬ್ಬನೇ ಇಳಿದ. ಕಿಟಕಿಯ ಹತ್ತಿರ ಬಂದು ಹೆಂಡತಿಗೆ, "ಹಿಂದೆ ಬರೋ ಬಸ್ಸಿಗೆ ಬರ್ತೀನಿ," ಅಂದ. ಮರುದಿನ ಬೆಳಿಗ್ಗೆ ಅವನನ್ನು ಉಳಿಸಿಕೊಂಡಿದ್ದ ಕಮಾಂಡರನ ಕಟ್ಟಡದ ಮೇಲೆ ಬಾಂಬು ಬಿತ್ತು. ಒಳಗಿದ್ದವರಲ್ಲಿ ಯಾರೂ ಉಳಿಯಲಿಲ್ಲ.

ತಾಯಿ, ಮಗಳು ಪೋರ್ಟ್ ಸುಡಾನ್ ತಲುಪಿದ್ದಾರೆ. ಕೆಲ ತಿಂಗಳ ನಂತರ ಆಕೆ ಫೋನ್ ಮಾಡಿದಳು. ನನ್ನ ಅರಬ್ಬಿ ಗ್ಯಾರೇಜಿನ ಮಟ್ಟದ್ದು, ಹಾಗಾಗಿ ಅವನ ಚಿಕ್ಕಪ್ಪನ ಮಗನೇ ಪಕ್ಕದಲ್ಲಿ ಕೂತು ಮಾತು ದಾಟಿಸಿದ. ನಾನು ಸಮಾಧಾನ ಹೇಳಲು ಹೋಗಿ ತಡವರಿಸಿದೆ. ಆಕೆಗೆ ಅದು ಬೇಕಿರಲಿಲ್ಲ.

"ಅವರನ್ನ ಅಲ್ಲಿಯೂ ಜನ ಗುರುತಿಸ್ತಿದ್ರಾ?" ಎಂದು ಕೇಳಿದಳು.

ಡಾಕ್ಟರು ಕೈ ಹಿಡಿದುಕೊಂಡದ್ದನ್ನು ಹೇಳಬೇಕೆಂದು ಬಾಯಿಗೆ ಬಂತು. ಬಸ್ಸಿನಿಂದ ಅವನನ್ನು ಇಳಿಸಿದ್ದೂ ಅಂಥ ಪ್ರೀತಿಯೇ ಅಲ್ಲವೇ ಅನ್ನಿಸಿ ತಡೆದುಕೊಂಡೆ. ಚಿಕ್ಕಪ್ಪನ ಮಗ ನನ್ನ ಮುಖವನ್ನೇ ನೋಡುತ್ತಿದ್ದ.

"ಇಲ್ಲ," ಅಂದೆ. "ಇಲ್ಲಿ ಅವನು ಯಾರಂತ ಯಾರಿಗೂ ಗೊತ್ತಿರಲಿಲ್ಲ."

"ಹಾಗಾದರೆ ಅವರು ಅಲ್ಲೇ ಇರಬೇಕಿತ್ತು," ಅಂದಳು ಆಕೆ.