ಮಾವನ ‘ಪರವಾಗಿಲ್ಲ’

ನನ್ನ ಸೋದರಮಾವ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದರು. ದಿನವೆಲ್ಲ ಕಂಡವರ ಅಲ್ಪಪ್ರಾಣ ಮಹಾಪ್ರಾಣ ಸರಿಮಾಡಿ ಸುಸ್ತಾದ ಮನುಷ್ಯ ವಾರಕ್ಕೊಮ್ಮೆ ಮಾತ್ರ ತನ್ನದೇ ನಾಲ್ಕು ಸಾಲು ಬರೆಯುತ್ತಿದ್ದರು. ಅದೂ ಬಿಯರ್ ಬಗ್ಗೆ. “ಕುಡಿದದ್ದನ್ನ ಪೇಪರಲ್ಲಿ ಹಾಕಿಸಿಕೊಳ್ಳೋ ಗಂಡಸು ಇವನೊಬ್ಬನೇ” ಎಂದು ಅಮ್ಮ ತಮ್ಮನನ್ನು ಆಡಿಕೊಳ್ಳುತ್ತಿದ್ದಳು. ಮಾವ ಕುಡಿಯುತ್ತಿದ್ದದ್ದು ಒಂದೆರಡು ಗುಟುಕು. ಬಾಟಲಿಯಲ್ಲಿ ಉಳಿದದ್ದನ್ನು ಮುಗಿಸುತ್ತಿದ್ದವಳು ಅಮ್ಮನೇ, ಆ ವಿಷಯ ಅವಳು ಎತ್ತುತ್ತಿರಲಿಲ್ಲ.

ಹೊಗಳುವುದರಲ್ಲಿ ಮಾವ ಮಹಾ ಜಿಪುಣ. ಅವರ ಬಾಯಲ್ಲಿ ಬರುವ ಅತಿ ದೊಡ್ಡ ಮೆಚ್ಚುಗೆ ‘ಪರವಾಗಿಲ್ಲ’. ಅಮ್ಮನ ಸಾರಿಗೂ ಅದೇ, ನಾನು ತರಗತಿಗೆ ಮೊದಲಿಗಳಾಗಿ ಬಂದಾಗಲೂ ಅದೇ. ಅಂಕಣದಲ್ಲಿ ‘ಪರವಾಗಿಲ್ಲ’ ಎಂದು ಬಂದರೆ ಆ ಬಿಯರ್ ಮಾಡಿದವರು ಅದನ್ನು ಕತ್ತರಿಸಿ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರು. ‘ಅದ್ಭುತ’ ಎಂಬ ಪದ ಕರಡಿನಲ್ಲಿ ಕಂಡರೆ ಮಾತ್ರ ಮಾವನಿಗೆ ಮೈ ಉರಿಯುತ್ತಿತ್ತು. ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, “ಹೇಳೋಕೆ ಏನೂ ಇಲ್ಲದವರು ಬರೆಯೋ ಪದ ಇದು” ಎನ್ನುತ್ತಿದ್ದರು.

ಕೆಟ್ಟದ್ದನ್ನು ಬರೆಯುವುದಕ್ಕೆ ಅವರದೇ ಕಟ್ಟುನಿಟ್ಟು. ಅಂಗಡಿಯವನು ಬಿಯರ್ ಇಳಿಯುವ ಕೊಳವೆ ತೊಳೆಯದ ತಪ್ಪನ್ನು ಬಿಯರ್ ಮಾಡಿದವನ ತಲೆಗೆ ಕಟ್ಟಬಾರದೆಂದು, ಮಾಡುವ ಜಾಗಕ್ಕೇ ಹೋಗಿ ಪೀಪಾಯಿಯಿಂದ ನೇರವಾಗಿ ಕುಡಿದು ನೋಡುತ್ತಿದ್ದರು. ಆಮೇಲೂ ಕೆಟ್ಟಿದ್ದರೆ ಎದುರು ನಿಂತು ಹೇಳಿ, ನಂತರವೇ ಬರೆಯುತ್ತಿದ್ದರು. “ಮುಖಕ್ಕೆ ಹೇಳೋಕಾಗದ್ದನ್ನ ಪೇಪರಲ್ಲಿ ಹೇಳೋದು ಕಲ್ಲು ಹೊಡೆದು ಓಡಿಹೋದ ಹಾಗೆ” ಎಂಬುದು ಅವರ ವಾದ. ಹಾಗಾಗಿ ಅವರಿಂದ ಬೈಸಿಕೊಂಡವರೂ ಎದುರು ಸಿಕ್ಕರೆ ನಕ್ಕು ಮಾತಾಡಿಸುತ್ತಿದ್ದರು.

ಮಾವನ ಜೀವದ ಗೆಳೆಯ ನೊರೆಯಣ್ಣ. ನಮ್ಮ ಹಿಂದಿನ ಬೀದಿಯಲ್ಲಿ, ಹಳೆಯ ಗ್ಯಾರೇಜೊಂದರಲ್ಲಿ ಬಿಯರ್ ಮಾಡುತ್ತಿದ್ದರು. ಸದಾ ಒದ್ದೆಯಾಗಿರುವ ನೆಲ, ಸ್ಟೀಲ್ ಡ್ರಮ್ಮುಗಳು, ಬಾಗಿಲ ಬಳಿ ಬಾರ್ಲಿ ಮೂಟೆ, ಗೋಡೆಗೊರಗಿಸಿದ ನಾಲ್ಕು ಬೆಂಚು. ಬೀದಿಗೆಲ್ಲ ಅವರು ನೊರೆಯಣ್ಣನಾದ ಮೇಲೆ ಅವರ ಹೆಂಡತಿ ತಾನಾಗಿಯೇ ನೊರೆಯಕ್ಕ. ಹಿಂದೊಮ್ಮೆ ಕೆಟ್ಟ ಜ್ವರವೊಂದು ಬಂದು, ಹೋಗುವಾಗ ನೊರೆಯಣ್ಣನಿಂದ ವಾಸನೆ ತಿಳಿಯುವ ಶಕ್ತಿಯನ್ನೇ ಕಿತ್ತುಕೊಂಡು ಹೋಗಿತ್ತು. ಬಿಯರ್ ಮಾಡುವವನಿಗೆ ಮೂಗಿಲ್ಲ ಎಂದು ಹೊರಗೆ ಗೊತ್ತಾದರೆ ಮುಗಿಯಿತಲ್ಲ! ಗೊತ್ತಿದ್ದದ್ದು ನಮ್ಮ ಮನೆಯವರಿಗೆ ಮಾತ್ರ. ಅಂದಿನಿಂದ ನೊರೆಯಕ್ಕ ಡ್ರಮ್ಮಿನ ಮೇಲೆ ಬಗ್ಗಿ, ಮೂಸಿ, ಚಮಚದಷ್ಟು ಬಾಯಿಗೆ ಹಾಕಿಕೊಂಡು, “ಹೂಂ, ಇಳಿಸಿ ರೀ” ಎಂದ ಮೇಲೆಯೇ ಬಿಯರ್ ಬಾಟಲಿಗೆ ಇಳಿಯುತ್ತಿತ್ತು.

ಆ ನೊರೆಯಕ್ಕ ಒಂದು ದಿನ ಸಂತೆಯಿಂದ ಬಂದು, ಸುಸ್ತು ಎಂದು ಮಲಗಿದವರು ಏಳಲೇ ಇಲ್ಲ.

ಕೆಲವು ವಾರಗಳ ಮೇಲೆ ಗ್ಯಾರೇಜಿನ ಬಾಗಿಲು ಮತ್ತೆ ತೆರೆಯಿತು. ಬಂದ ಗಿರಾಕಿಗಳು ಅರ್ಧ ಲೋಟ ಬಿಟ್ಟು ಎದ್ದು ಹೋಗುತ್ತಿದ್ದರು. ಹೆಂಡತಿ ಸತ್ತ ಮನುಷ್ಯನಿಗೆ ಏನೆಂದು ಹೇಳುವುದು ಎಂದು ಯಾರೂ ಬಾಯಿ ಬಿಡಲಿಲ್ಲ. ಮಾವ ಹೋಗುವಾಗ ಜೊತೆಗೆ ನಾನೂ ಇದ್ದೆ. ನೊರೆಯಣ್ಣ ಹೆಂಡತಿಯ ಏಪ್ರನ್ನನ್ನೇ ಕಟ್ಟಿಕೊಂಡಿದ್ದರು. ಲೋಟ ತುಂಬಿಸಿ ಮಾವನ ಕೈಗಿತ್ತು, “ಅವಳಿದ್ದಾಗ ಮಾಡ್ತಿದ್ದ ಹಾಗೇ ಮಾಡಿದೀನಿ ಕಣೋ. ಜನ ಯಾಕೋ ಬರ್ತಿಲ್ಲ. ನೀನೊಂದು ಮಾತು ಬರೆದ್ರೆ ಬಂದಾರು. ಇಲ್ಲಾಂದ್ರೆ ಬಾಗಿಲು ಹಾಕಬೇಕಷ್ಟೆ. ಹೇಗಿದೆ?” ಎಂದರು.

ನನಗೇ ಮೂಗಿಗೆ ಬಡಿದಿತ್ತು, ಮಳೆಯಲ್ಲಿ ನೆನೆದ ರಟ್ಟಿನ ವಾಸನೆ. ಮಾವ ಗುಟುಕು ನುಂಗಿದರು. ಏಪ್ರನ್ನನ್ನು ನೋಡಿದರು. ಊರಿನವರಿಗೆಲ್ಲ ಮುಖಕ್ಕೆ ಹೇಳಿದ ಮನುಷ್ಯ, “ಬರೀತೀನಿ ಬಿಡು” ಎಂದಷ್ಟೇ ಹೇಳಿ ಲೋಟ ಕೆಳಗಿಟ್ಟರು.

ಆ ವಾರದ ಪತ್ರಿಕೆಯನ್ನು ಅಮ್ಮ ಅಡುಗೆಮನೆಯಲ್ಲಿ ನಿಂತೇ ಓದಿದಳು. ಮೊದಲ ಸಾಲಿನಲ್ಲೇ ಇತ್ತು, ‘ಅದ್ಭುತ’.

“ಅಯ್ಯೋ, ಇದೇನೋ ಇದು?” ಎಂದಳು. ಮಾವ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ನೊರೆಯಣ್ಣನೇ ಬಂದರು. ಕೈಯಲ್ಲಿ ಅದೇ ಪತ್ರಿಕೆ. ಕೂಗಾಡಿದ್ದರೆ ಚೆನ್ನಾಗಿತ್ತು. ಕುರ್ಚಿ ಎಳೆದುಕೊಂಡು ಕೂತು, ಮೆಲ್ಲಗೆ ಕೇಳಿದರು:

“ನಿನ್ನ ಕೈಲಿ ‘ಅದ್ಭುತ’ ಅಂತ ಬರೆಸಿಕೊಳ್ಳೋ ಅಷ್ಟು ಕೆಟ್ಟಿದೆಯೇನೋ?”

ಪತ್ರಿಕೆಯನ್ನು ಮಡಚಿ ಮಾವನ ಮುಂದಿಟ್ಟರು.

“ಅವಳು ಹೋದ ಮೇಲೆ ನನಗೇಂತ ಇದ್ದ ಮೂಗು ನಿನ್ನದೊಂದೇ ಅಲ್ವೇನೋ. ಕೆಟ್ಟಿದೆ ಅಂದಿದ್ರೆ ಚೆಲ್ಲಿ ಇನ್ನೊಂದು ಸಲ ಮಾಡ್ತಿದ್ದೆ. ಬೈದು ಬರೆದಿದ್ರೂ ಬೇಜಾರಿರಲಿಲ್ಲ. ಪಾಪ ಅಂದುಬಿಟ್ಟೆಯಲ್ಲ.”

ಅಮ್ಮ ಕಾಫಿ ತಂದಿಟ್ಟಳು. ಅವರು ಮುಟ್ಟದೆ ಎದ್ದು ಹೋದರು. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಬೀದಿಯ ಮೋರಿಯಲ್ಲೆಲ್ಲ ನೊರೆ ಹರಿಯುತ್ತಿತ್ತು. ಮಾವ ಕಿಟಕಿಯಿಂದ ಅದನ್ನು ನೋಡಿ ಗಳಗಳನೆ ಅತ್ತರು. ಅವರು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅಂಕಣವನ್ನೂ ಅಲ್ಲಿಗೇ ನಿಲ್ಲಿಸಿದರು.

ಬಿಯರ್ ಮಾಡುವುದನ್ನೇ ಬಿಟ್ಟು ಗ್ಯಾರೇಜು ಖಾಲಿ ಮಾಡುವ ದಿನ ನೊರೆಯಣ್ಣ ಮತ್ತೆ ನಮ್ಮ ಮನೆಗೆ ಬಂದರು. ಬಹಳ ಇಳಿದುಹೋಗಿದ್ದರು. ಕಂಕುಳಲ್ಲಿ ಧೂಳು ಹಿಡಿದ ಒಂದು ಬಾಟಲಿ. ಇಟ್ಟಷ್ಟೂ ಮಾಗುವ ಕಪ್ಪು ಬಿಯರ್. ಮೂಟೆಗಳ ಹಿಂದೆ ಸಿಕ್ಕಿತಂತೆ, ನೊರೆಯಕ್ಕ ತಾವೇ ತುಂಬಿ ಮುಚ್ಚಳ ಬಿಗಿದದ್ದು.

“ಇದೊಂದು ನೋಡಿಬಿಡು” ಎಂದರು.

ಮಾವ ಲೋಟಕ್ಕೆ ಬಗ್ಗಿಸಿಕೊಂಡು ಮೂಸಿದರು, ಗುಟುಕು ಕುಡಿದರು, ಕಣ್ಣು ಮುಚ್ಚಿದರು.

“ಪರವಾಗಿಲ್ಲ ಕಣೋ.”

ನೊರೆಯಣ್ಣ ಅವರ ಮುಖವನ್ನೇ ನೋಡಿದರು.

“ನಿಜವಾಗ್ಲೂ?”

ಅಷ್ಟು ವರ್ಷದ ಸ್ನೇಹದಲ್ಲಿ ನೊರೆಯಣ್ಣ ಮಾವನನ್ನು ಹಾಗೆ ಪ್ರಶ್ನಿಸಿರಲಿಲ್ಲ, ಪ್ರಶ್ನಿಸುವ ಅಗತ್ಯವೂ ಬಿದ್ದಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಮಾವನ ಲೋಟ ಕಿತ್ತುಕೊಂಡು ನಾನೂ ಕುಡಿದೆ. ಅಮ್ಮನಾಣೆ, ಅಷ್ಟು ಒಳ್ಳೆಯ ಬಿಯರ್ ನಾನು ಮತ್ತೆ ಕುಡಿದಿಲ್ಲ.

“ನಿಜ ನೊರೆಯಣ್ಣ, ತುಂಬಾ ಚೆನ್ನಾಗಿದೆ” ಎಂದೆ.

“ನೀನೂ ಇದೇ ಮನೆ ಹುಡುಗಿ ಅಲ್ವೇನಮ್ಮ, ಇನ್ನೇನು ಹೇಳ್ತೀಯ” ಎಂದು ಅವರು ನಕ್ಕರು.

ಆಮೇಲೆ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ಮೂಗಿಗೆ ಹಿಡಿದರು. ಏನೂ ಸಿಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆದರೂ ಬಹಳ ಹೊತ್ತು ಮೂಸುತ್ತಲೇ ಇದ್ದರು.