ಉಮಾವತಿಯಕ್ಕನ ರಾಗಿ ಸರಿ

ಫೋನ್ ಗುಂಯ್ ಎಂದಾಗಲೆಲ್ಲ ಉಮಾವತಿಯಕ್ಕನಿಗೆ ಗೊತ್ತಾಗಿಹೋಯಿತೇನೋ ಎಂದು ಬೆಚ್ಚಿ ತೆಗೆದು ನೋಡುತ್ತಿದ್ದೆ. ನಾಲ್ಕು ದಿನ ಹೀಗೇ. ಮಗುವಿಗೆ ಬಟ್ಟೆ ಬದಲಿಸುವಾಗ, ಕುಕ್ಕರಿನ ಸೀಟಿ ಎಣಿಸುವಾಗ, ಪುಣೆಯ ಖರಾಡಿಯ ನಮ್ಮ ಹನ್ನೊಂದನೇ ಮಹಡಿಯ ಬಾಲ್ಕನಿಯಲ್ಲಿ ನಿಂತಾಗ ಅದೇ ಯೋಚನೆ. ಆ ಮೆಸೇಜು ಬರೆದವಳು ನಾನೇ ಎಂದು ಯಾರಾದರೂ ಅವರಿಗೆ ಹೇಳಿಬಿಟ್ಟಿದ್ದರೆ? ಅದಕ್ಕಿಂತ ಕೆಟ್ಟದ್ದು, ಯಾರೂ ಹೇಳದೇ ಇದ್ದರೆ?

ಉಮಾವತಿಯಕ್ಕ ಇರುವುದು ಶಿರೂರಿನಲ್ಲಿ. ಅಹಮದ್‌ನಗರದ ರಸ್ತೆ ಹಿಡಿದು ಹೋದರೆ ನಮ್ಮಿಂದ ಒಂದೂವರೆ ಗಂಟೆ. ಎರಡು ವರ್ಷದ ಹಿಂದೆ ನಾನೂ ಗಂಡ ಮನೋಜನೂ ಶಿರಡಿಗೆ ಹೊರಟಿದ್ದಾಗ, ಅಲ್ಲಿನ ಬಸ್ ಸ್ಟ್ಯಾಂಡಿನ ಎದುರು ಹೋಟೆಲೊಂದರ ಮರಾಠಿ ಬೋರ್ಡಿನ ಕೆಳಗೆ ಸಣ್ಣಗೆ ಕನ್ನಡದಲ್ಲಿ ‘ನೀರ್ ದೋಸೆ ಸಿಗುತ್ತದೆ’ ಎಂದು ಬರೆದದ್ದು ಕಂಡು ಗಾಡಿ ನಿಲ್ಲಿಸಿದೆವು. ಗಲ್ಲಾದಲ್ಲಿ ಕೂತಿದ್ದವರು ಸುಬ್ಬಯ್ಯ, ಕುಂದಾಪುರದ ಕಡೆಯವರು. ದೋಸೆ ತಂದಿಟ್ಟವರು ಅವರ ಹೆಂಡತಿ ಉಮಾವತಿ. ಮೈಸೂರಿನವಳು ಎಂದೆ. ಅಷ್ಟಕ್ಕೇ ನನ್ನ ತಟ್ಟೆಗೆ ಕೇಳದ ದೋಸೆ ಎರಡು ಹೆಚ್ಚಿಗೆ ಬಿದ್ದವು.

ಹತ್ತೊಂಬತ್ತಕ್ಕೆ ಮದುವೆಯಾಗಿ ಆ ಊರಿಗೆ ಬಂದವರು ಅವರು. ಆಗ ಮರಾಠಿಯ ಒಂದು ಪದವೂ ಬರುತ್ತಿರಲಿಲ್ಲವಂತೆ. ಹೋಟೆಲಿನ ಹಿಂದಿನ ಕಟ್ಟೆಯ ಮೇಲೆ ಅಕ್ಕಪಕ್ಕದ ಹೆಂಗಸರ ಜೊತೆ ಕೂತು ಬೆಳ್ಳುಳ್ಳಿ ಸುಲಿಯುತ್ತ ಭಾಷೆ ಕಲಿತರು. “ಮೊದಲು ಕಲಿತದ್ದು ಬೈಗುಳ ಮಾರಾಯ್ತಿ. ಮತ್ತೆ ಉಳಿದದ್ದು ತನ್ನಷ್ಟಕ್ಕೇ ಬಂತು,” ಎಂದು ನಗುತ್ತಿದ್ದರು. ಸಂತೆಯ ದಿನ ಈರುಳ್ಳಿ ಮಾರಲು ಬರುವ ರೈತರು ಚೀಲಗಳನ್ನು ಅವರ ಜಗಲಿಯಲ್ಲಿ ಬಿಟ್ಟು ಹೋಗುತ್ತಾರೆ. ಕೋರ್ಟಿಗೆ ಬಂದವರು ಕಾಗದ ಪತ್ರ ಇಟ್ಟು ಹೋಗುತ್ತಾರೆ. ಊರಿನ ಅರ್ಧ ಬೀಗದ ಕೈ ಆ ಗಲ್ಲಾದ ಡ್ರಾಯರಿನಲ್ಲಿದೆ. ಯಾರದ್ದು ಯಾವುದು ಎಂದು ಉಮಾವತಿಯಕ್ಕನಿಗೆ ಮಾತ್ರ ಗೊತ್ತು.

ಅವರ ರಾಗಿ ಸರಿ ಶುರುವಾದದ್ದು ಹೋಟೆಲಿಗೆ ಬರುತ್ತಿದ್ದ ನಮ್ಮಂಥ ತಾಯಂದಿರು ಕೇಳಿ ಕೇಳಿ. ಇಲ್ಲಿಯವರು ನಾಚಣಿ ಸತ್ವ ಎನ್ನುವ ಮಗುವಿನ ಹಿಟ್ಟು ಅದು. ರಾಗಿಯನ್ನು ಏಳು ನೀರಿನಲ್ಲಿ ತೊಳೆದು, ಮೊಳಕೆ ಕಟ್ಟಿ, ಹೋಟೆಲಿನ ಮಾಡಿನ ಮೇಲೆ ಹಳೇ ಪಂಚೆ ಹಾಸಿ ಒಣಗಿಸಿ, ಬೀಸಿಸಿ, ತೆಳುಬಟ್ಟೆಯಲ್ಲಿ ಸೋಸುತ್ತಾರೆ. ಜೊತೆಗೆ ಓಣಿಯ ನಾಲ್ಕು ಹೆಂಗಸರು. ಬೀಸುವುದು ಎದುರಿನ ಗಿರಣಿಯ ಅವಧೂತ. ಬೆಳಿಗ್ಗೆ ಗಿರಣಿ ತೆಗೆದವನು ಕಲ್ಲು ಒರೆಸಿ, ಅವರದೇ ರಾಗಿಯ ಒಂದು ಬೊಗಸೆ ಹಾಕಿ ಬೀಸಿ ಅದನ್ನು ಎಮ್ಮೆಗೆ ಸುರಿದು, ಆಮೇಲೆ ಮಗುವಿನ ಹಿಟ್ಟು ಬೀಸುತ್ತಿದ್ದ. ಜೋಳ, ಗೋಧಿ, ಕಡಲೆಬೇಳೆ ಹಿಡಿದು ನಿಂತವರೆಲ್ಲ ಕಾಯಬೇಕು. ಯಾರಾದರೂ ಗೊಣಗಿದರೆ “ಆಧೀ ವಹಿನೀಂಚಿ ನಾಚಣಿ” ಎನ್ನುತ್ತಿದ್ದ. ಮೊದಲು ಅತ್ತಿಗೆಯ ರಾಗಿ. ಆಮೇಲೆ ಹೋಟೆಲಿಗೆ ಬಂದು ಕಿಟಕಿಯ ಮೇಜಿನಲ್ಲಿ ಚಹಾ. ಹನ್ನೊಂದು ವರ್ಷದಿಂದ ಅದೇ ಮೇಜು.

ಮಗಳು ನಿಖಿತಾಗೆ ಆರು ತಿಂಗಳು ತುಂಬಿದಾಗ ನಾನೂ ತರಿಸಿದೆ. ಪುಣೆಗೆ ತರಕಾರಿ ತರುವ ಟೆಂಪೋದಲ್ಲಿ ಡಬ್ಬ ಬಂತು. ಹಿಂದೆಯೇ ಉಮಾವತಿಯಕ್ಕನ ಫೋನು. ಹೇಗೆ ಮಾಡಬೇಕು ಎಂದು ಉದ್ದಕ್ಕೆ ಹೇಳಿದರು. ಮಗು ಅಳುತ್ತಿತ್ತು. ಹೂಂ ಹೂಂ ಎಂದೆ, ಕೇಳಿಸಿಕೊಳ್ಳಲಿಲ್ಲ.

ಮೂರನೇ ದಿನ ಮಗುವಿಗೆ ಭೇದಿ ಶುರುವಾಯಿತು. ನಾನು ಮೊದಲೇ ಗಾಬರಿಯವಳು. ಮಗು ಎರಡು ಸಲ ಸೀನಿದರೆ ಮೂರು ವೆಬ್‌ಸೈಟು ನೋಡುವವಳು. ಡಾಕ್ಟರು “ಹೊಸದಾಗಿ ಏನು ಕೊಟ್ರಿ? ಸ್ವಲ್ಪ ದಿನ ನಿಲ್ಲಿಸಿ” ಎಂದರು. ಅಷ್ಟೇ ಅಂದದ್ದು. ನನ್ನ ಕಣ್ಣ ಮುಂದೆ ಆ ಮಾಡು, ಹಳೇ ಪಂಚೆ, ಎದುರಿಗೆ ಹೊಗೆ ಬಿಡುತ್ತ ನಿಂತ ಬಸ್ಸುಗಳು ಬಂದವು. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತೇ, ಖರಾಡಿಯ ಕನ್ನಡದ ತಾಯಂದಿರ ಗ್ರೂಪಿಗೆ ಬರೆದೆ. ಹೆಸರು ಹಾಕಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ‘ಶಿರೂರಿನಿಂದ ಬರುವ ಮನೆ ರಾಗಿ ಹಿಟ್ಟು’ ಎಂದರೆ ಇನ್ನಾರು? ‘ರಸ್ತೆ ಬದಿ ಒಣಗಿಸ್ತಾರೆ, ನಾನೇ ಕಣ್ಣಾರೆ ನೋಡಿದೀನಿ, ನನ್ನ ಮಗು ಆಸ್ಪತ್ರೆಯಲ್ಲಿದೆ, ದಯವಿಟ್ಟು ಯಾರೂ ಕೊಡಬೇಡಿ’ ಎಂದು ಬರೆದೆ. ಆಸ್ಪತ್ರೆಯಲ್ಲಿ ಇರಲಿಲ್ಲ. ಮೂಲೆಯ ಕ್ಲಿನಿಕ್ಕಿನಲ್ಲಿ ಇಪ್ಪತ್ತು ನಿಮಿಷ ಕೂತಿದ್ದೆವು.

ಐವತ್ತು ಜನ ಕೈಮುಗಿದ ಚಿತ್ರ ಹಾಕಿದರು. ನಮ್ಮ ಕಟ್ಟಡದ ಭವ್ಯಶ್ರೀ, ‘ಎಚ್ಚರಿಸಿದ್ದಕ್ಕೆ ಥ್ಯಾಂಕ್ಸ್, ನಿಜವಾದ ತಾಯಿ ನೀನು’ ಎಂದು ಬರೆದು, ತನಗೆ ಗೊತ್ತಿದ್ದ ಎಲ್ಲರಿಗೂ ಕಳಿಸಿದಳು. ನನಗೆ ಆ ಹೊತ್ತು ಹಿತವಾಯಿತು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಎರಡು ವಾರದ ಮೇಲೆ ವಿಡಿಯೋ ಕಾಲಿನಲ್ಲಿ ಅಮ್ಮ ಕೇಳಿದರು, “ರಾಗಿ ಸರಿ ಹೇಗೆ ಮಾಡ್ತಿದ್ದೆ, ತೋರಿಸು ನೋಡಣ.”

ಉಳಿದ ಡಬ್ಬ ತೆಗೆದು, ಬಟ್ಟಲಿಗೆ ಎರಡು ಚಮಚ ಹಾಕಿ, ಫ್ಲಾಸ್ಕಿನಿಂದ ಬಿಸಿನೀರು ಹುಯ್ದು ಕಲಸಿ ತೋರಿಸಿದೆ. ಅಂಗಡಿಯ ಪ್ಯಾಕೆಟ್ಟಿನ ಆಹಾರಕ್ಕೆ ಮಾಡುವ ಹಾಗೆ.

ಅಮ್ಮ ಪರದೆಯ ಹತ್ತಿರಕ್ಕೆ ಬಗ್ಗಿದರು. “ಒಲೆ ಮೇಲೆ ಇಡಲ್ವೇನೇ? ಹಸೀ ಹಿಟ್ಟು ಕಲಸಿ ತಿನ್ನಿಸಿದೀಯಲ್ಲೇ ಆ ಕೂಸಿಗೆ. ರಾಗಿ ತಿಂದು ಬೆಳೆದವಳು ನೀನು, ಮುದ್ದೆ ಹಸೀ ತಿಂತಿದ್ಯಾ?”

ಕುದಿಸಬೇಕು ಎಂದು ನನಗೆ ಗೊತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ, ಎರಡು ಡಿಗ್ರಿ, ಮೈಸೂರಿನ ಮನೆ. ಗೊತ್ತಿರಲಿಲ್ಲ.

ಅವತ್ತೇ ಗ್ರೂಪಿನಲ್ಲಿ ಬರೆಯಬಹುದಿತ್ತು. ಬರೆದು ಅಳಿಸಿದೆ, ಮತ್ತೆ ಬರೆದು ಅಳಿಸಿದೆ. ಎಲ್ಲರೂ ಮರೆತಿರುತ್ತಾರೆ ಬಿಡು ಎಂದುಕೊಂಡೆ. ತಿಂಗಳು ಕಳೆಯಿತು.

ಕಳೆದ ಭಾನುವಾರ ಶಿರಡಿಯಿಂದ ವಾಪಸು ಬರುವಾಗ ಮನೋಜ ಎಂದಿನಂತೆ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿದ. ಬೇಡ ಎನ್ನಲು ಕಾರಣ ಸಿಗಲಿಲ್ಲ. ಅವನು ಮಗುವನ್ನು ಎತ್ತಿಕೊಂಡು ಸುಬ್ಬಯ್ಯನವರ ಹತ್ತಿರ ಹೋದ. ಉಮಾವತಿಯಕ್ಕ ನನ್ನನ್ನು ಒಳಗೆ ಕರೆದುಕೊಂಡು ಹೋದರು. ಹಿಂದಿನ ಕಟ್ಟೆ ಖಾಲಿಯಿತ್ತು. ಮೂಲೆಯಲ್ಲಿ ರಾಗಿ ಚೀಲಗಳು, ಮೇಲೆ ಮಡಚಿಟ್ಟ ಪಂಚೆಗಳು.

“ನಿಮ್ಮ ಕಡೆಯವರು ಯಾರೂ ಈಗ ಹಿಟ್ಟು ಕೇಳುವುದಿಲ್ಲ. ಯಾರದೋ ಮಗುವಿಗೆ ನನ್ನ ಹಿಟ್ಟಿನಿಂದ ಆಸ್ಪತ್ರೆ ಆಯ್ತಂತೆ. ನಿನಗೆ ಗೊತ್ತುಂಟಾ ಸಿಂಧು, ಯಾರು ಅಂತ?”

ನಾನು ಇಲ್ಲ ಎಂಬಂತೆ ತಲೆಯಾಡಿಸಿದೆ.

“ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೇನೆ. ಎಲ್ಲಿ ತಪ್ಪಿತು ಅಂತ. ನೀರಾ, ಬಟ್ಟೆಯಾ? ಒಂದು ಬೀಸು ಪೂರಾ ಚೆಲ್ಲಿದೆ. ಕಡೆಗೆ ಗಿರಣಿಯೇ ಇರಬೇಕು ಅನ್ನಿಸಿತು. ಹಿಂದಿನ ದಿನದ ಕಡಲೆಹಿಟ್ಟು ಕಲ್ಲಿನಲ್ಲಿ ಉಳಿದಿರಬೇಕು ಅಂತ. ಅವಧೂತನಿಗೆ ಹೇಳಿದೆ.”

“ಏನಂದ?”

“ಸಂತೆ ದಿನ, ಜನ ಸಾಲು ನಿಂತಿದ್ದಾಗ ಹೇಳಿಬಿಟ್ಟೆ ನೋಡು. ನಿನ್ನ ಕಲ್ಲು ಕೊಳಕು ಅಂತ. ಅವ ಮಾರನೇ ದಿನದಿಂದ ಚಹಾಕ್ಕೆ ಬರುವುದು ಬಿಟ್ಟ. ಈಗ ಕೆಲವರು ಅವನಲ್ಲಿ ಬೀಸಿಸುವುದಿಲ್ಲವಂತೆ. ಹನ್ನೊಂದು ವರ್ಷ, ಮಾರಾಯ್ತಿ.” ಸೆರಗಿನಲ್ಲಿ ಕೈ ಒರೆಸಿಕೊಂಡರು. “ಅದು ಹೋಗಲಿ. ಆ ಮಗು ಈಗ ಹೇಗುಂಟೋ, ನಿಮ್ಮ ಗ್ರೂಪಿನಲ್ಲಿ ಕೇಳಿ ಹೇಳ್ತೀಯಾ?”

ಹಿಂಬಾಗಿಲಿನಿಂದ ಕಾಣುತ್ತಿದ್ದ ಕಿಟಕಿಯ ಮೇಜಿನ ಮೇಲೆ ಸ್ಟೀಲಿನ ಲೋಟವೊಂದು ಬೋರಲು ಇತ್ತು. ಹೊರಗೆ ನನ್ನ ಮಗಳು ಸುಬ್ಬಯ್ಯನವರ ಕನ್ನಡಕ ಕಿತ್ತು ಕೇಕೆ ಹಾಕುತ್ತಿದ್ದಳು.

“ಕೇಳ್ತೀನಿ ಅಕ್ಕ,” ಎಂದೆ.

ಗಾಡಿಯಲ್ಲಿ ಎಲ್ಲ ಹೇಳಿದೆ. ಮನೋಜ ವೇಗ ತಗ್ಗಿಸಿದ. “ಅಲ್ಲೇ ಹೇಳ್ಬೇಕಿತ್ತು ಸಿಂಧು. ಅವ್ರು ಕಟ್ಟಿಕೊಟ್ಟ ಚಕ್ಕುಲಿ ಬೇರೆ ತಗೊಂಡು ಬಂದಿದೀಯ,” ಎಂದ. ಆ ಪೊಟ್ಟಣ ಇನ್ನೂ ಫ್ರಿಜ್ಜಿನ ಮೇಲಿದೆ. ಬಿಚ್ಚಿಲ್ಲ.

ಇವತ್ತು ಬೆಳಿಗ್ಗೆ ಮಗು ಮಲಗಿದ ಮೇಲೆ ಗ್ರೂಪಿನಲ್ಲಿ ಬರೆದೆ. ‘ತಪ್ಪು ಹಿಟ್ಟಿನದಲ್ಲ. ನಾನು ಕುದಿಸದೆ ಕೊಟ್ಟಿದ್ದೆ. ಮಗು ಆಸ್ಪತ್ರೆಯಲ್ಲೂ ಇರಲಿಲ್ಲ.’ ಎರಡೇ ನಿಮಿಷಕ್ಕೆ ಭವ್ಯಶ್ರೀ ನನಗೊಬ್ಬಳಿಗೇ ಬರೆದಳು, ‘ಅಯ್ಯೋ, ಇದೆಲ್ಲ ಯಾಕೆ ಹಾಕ್ದೆ? ಎಲ್ಲರೂ ಮರ್ತಿದಾರೆ. ಡಿಲೀಟ್ ಮಾಡು, ನಿಂಗೇ ಅವಮಾನ.’ ಮಾಡಲಿಲ್ಲ. ಈಗ ಅದನ್ನು ನೋಡಿದವರು ಯಾರಾದರೂ ಶಿರೂರಿಗೆ ಫೋನ್ ಮಾಡುವ ಮೊದಲು ನಾನೇ ಮಾಡಬೇಕಿತ್ತು. ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದು ನಂಬರು ಒತ್ತಿದೆ.

“ಹಾಂ ಸಿಂಧು, ಕೇಳಿದ್ಯಾ? ಮಗು ಹೇಗುಂಟಂತೆ?”

“ಅಕ್ಕ, ಆ ಮಗು ನಿಖಿತಾನೇ. ಮೆಸೇಜ್ ಬರ್ದಿದ್ದೂ ನಾನೇ.”

ಆ ಕಡೆ ದೋಸೆ ಹುಯ್ದ ಸದ್ದು. ಯಾರೋ ಎರಡು ಚಹಾ ಎಂದರು. ನಾನು ಒಂದೇ ಉಸಿರಿಗೆ ಉಳಿದದ್ದೆಲ್ಲ ಹೇಳಿದೆ. ಕ್ಲಿನಿಕ್ಕು, ಫ್ಲಾಸ್ಕು, ಅಮ್ಮ, ಭಾನುವಾರದ ನನ್ನ ಸುಳ್ಳು.

“ಎಷ್ಟು ಹೊತ್ತು ಕುದಿಸಿದ್ದೆ?” ಎಂದರು, ಎಲ್ಲ ಆದ ಮೇಲೆ.

“ಕುದಿಸಲೇ ಇಲ್ಲ ಅಕ್ಕ.”

“ನಾನು ಹೇಳಿದ್ದೆನಲ್ಲ ಫೋನಿನಲ್ಲಿ. ಹತ್ತು ನಿಮಿಷ, ಕೈ ಬಿಡದೆ ತಿರುವಬೇಕು ಅಂತ.”

“ಕೇಳಿಸಿಕೊಳ್ಳಲಿಲ್ಲ.”

ಆ ಕಡೆ ಸೌಟು ಕೆಳಗಿಟ್ಟ ಸದ್ದು. ಫೋನ್ ಇಟ್ಟುಬಿಟ್ಟರೇನೋ ಎಂದು ಕಿವಿಯಿಂದ ತೆಗೆದು ನೋಡಿದೆ. ಇಟ್ಟಿರಲಿಲ್ಲ.

“ನನಗೆ ಹೇಳಿ ಎಂತ ಪ್ರಯೋಜನ,” ಎಂದರು. ಅವರ ದನಿ ಇಷ್ಟು ಗಟ್ಟಿಯಾಗಿ ನಾನು ಕೇಳಿರಲಿಲ್ಲ. “ನಾನು ಅವಧೂತನಿಗೆ ನಾಲ್ಕು ಜನರ ಎದುರು ಅಂದದ್ದು. ನೀನೂ ಅವರ ಎದುರೇ ಹೇಳು. ಇವತ್ತು ಸಂತೆಯೇ. ತಡಿ, ಇಡಬೇಡ.”

ಚಪ್ಪಲಿ ಮೆಟ್ಟಿದ ಸದ್ದು. ಬಸ್ಸಿನ ಹಾರ್ನು ಹತ್ತಿರ ಬಂದು ದೂರವಾಯಿತು. ಉಮಾವತಿಯಕ್ಕ ರಸ್ತೆ ದಾಟುತ್ತಿದ್ದರು. ಗಿರಣಿಯ ಗರಗರ ಹೆಚ್ಚುತ್ತ ಬಂದು, ಆಮೇಲೆ ಯಾರೋ ಬೆಲ್ಟು ನಿಲ್ಲಿಸಿದಂತೆ ಮೆಲ್ಲಗೆ ಅಡಗಿತು. ಅವರು ಮರಾಠಿಯಲ್ಲಿ ಏನೋ ಅಂದರು. ನನಗೆ ಸ್ಪೀಕರ್ ಎಂಬುದೊಂದೇ ತಿಳಿಯಿತು. ನನ್ನ ಮರಾಠಿ ಕೊತ್ತಂಬರಿ ಸೊಪ್ಪು ಕೊಳ್ಳುವಷ್ಟು ಮಾತ್ರ.

“ಬೋಲಾ,” ಎಂದಿತು ಒಂದು ಗಂಡು ದನಿ. ಮಾತಾಡಿ.

“ದಾದಾ,” ಎಂದೆ. ಅಣ್ಣ. “ಚೂಕ ಮಾಝಿ ಹೋತಿ.” ತಪ್ಪು ನನ್ನದು.